ಕಾಯಂ ನೌಕರಿ ಬಿಟ್ಟ ಮೇಲೆ ಗೃಹಸಾಲ

ಬೆಂಗಳೂರಿನಲ್ಲಿ ಕಾಯಂ ನೌಕರಿ ಬಿಟ್ಟು ಗುತ್ತಿಗೆಯ ಮೇಲೆ ಕೆಲಸ ಮಾಡಲು ಹೊರಡುವವರು ಸಾಮಾನ್ಯವಾಗಿ ಎರಡು ಲೆಕ್ಕಗಳನ್ನು ಹಾಕಿಕೊಂಡಿರುತ್ತಾರೆ: ಕೈಗೆ ಬರುವ ಹಣ ಎಷ್ಟು ಹೆಚ್ಚುತ್ತದೆ ಎಂಬುದು ಒಂದು, ಒಪ್ಪಂದ ಮುಗಿದರೆ ಮುಂದಿನದು ಸಿಗುವವರೆಗೆ ಎಷ್ಟು ತಿಂಗಳು ತಡೆದುಕೊಳ್ಳಬಹುದು ಎಂಬುದು ಇನ್ನೊಂದು. ಮನೆ ಕೊಳ್ಳುವ ಯೋಚನೆ ಇರುವವರು ಮೂರನೆಯ ಲೆಕ್ಕವೊಂದನ್ನೂ ಹಾಕಬೇಕು, ಅದನ್ನು ಹೆಚ್ಚಿನವರು ಹಾಕುವುದಿಲ್ಲ. ತಿಂಗಳಿಗೆ ಒಂದೂವರೆ ಲಕ್ಷ ತರುತ್ತಿದ್ದವರು ಎರಡೂವರೆ ಲಕ್ಷ ತರಲು ಆರಂಭಿಸಿದ ವರ್ಷವೇ ಅವರಿಗೆ ಸಿಗಬಹುದಾದ ಗೃಹಸಾಲ ಕಡಿಮೆಯಾಗುತ್ತದೆ. ಹಲವು ಬ್ಯಾಂಕುಗಳಲ್ಲಿ ಆ ವರ್ಷ ಸಿಗುವುದೇ ಇಲ್ಲ.

ನಾನು ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಕಾಯಂ ನೌಕರನಾಗಿದ್ದು, ಬಳಿಕ ಸ್ವತಂತ್ರ ಕನ್ಸಲ್ಟೆಂಟ್ ಆಗಿ, ಆಮೇಲೆ ಸಾಲ ಮಾಡಿ ಮನೆ ಕೊಂಡವನು. ಈ ದಾರಿಯಲ್ಲಿ ನನಗೆ ಮನದಟ್ಟಾದ ಸಂಗತಿ ಒಂದೇ. ಬ್ಯಾಂಕು ಅಳೆಯುವುದು ನಮ್ಮ ಗಳಿಕೆಯನ್ನಲ್ಲ, ಗಳಿಕೆಗೆ ಇರುವ ದಾಖಲೆಯನ್ನು. ಕಾಯಂ ನೌಕರನ ದಾಖಲೆಯನ್ನು ಅವನ ಕಂಪನಿ ಪ್ರತಿ ತಿಂಗಳೂ ತಾನಾಗಿಯೇ ತಯಾರಿಸಿಕೊಡುತ್ತದೆ. ಗುತ್ತಿಗೆಯವರು ಅದನ್ನು ತಾವೇ ಕಟ್ಟಿಕೊಳ್ಳಬೇಕು, ಅದಕ್ಕೆ ಕನಿಷ್ಠ ಎರಡು ಆರ್ಥಿಕ ವರ್ಷ ಬೇಕು, ಮತ್ತು ಆ ಎರಡು ವರ್ಷಗಳಲ್ಲಿ ಸಲ್ಲಿಸುವ ಪ್ರತಿಯೊಂದು ಆದಾಯ ತೆರಿಗೆ ರಿಟರ್ನ್ ಕೂಡ ಸಾಲದ ಅರ್ಜಿಯ ಒಂದು ಪುಟವೇ ಆಗಿರುತ್ತದೆ.

ಸಂಬಳದಾರರ ಕಡತ ತೆಳ್ಳಗಿರುತ್ತದೆ. ಕೆಲವು ತಿಂಗಳ ಸಂಬಳದ ಚೀಟಿ, ಎರಡು ವರ್ಷದ ಫಾರ್ಮ್ 16 (ಸಂಬಳಕ್ಕೂ ಅದರಿಂದ ಕಡಿದ ತೆರಿಗೆಗೂ ಕಂಪನಿ ಕೊಡುವ ಪ್ರಮಾಣಪತ್ರ), ಸಂಬಳ ಜಮೆಯಾಗುವ ಖಾತೆಯ ಸ್ಟೇಟ್‌ಮೆಂಟ್, ಇಷ್ಟಿದ್ದರೆ ಅಧಿಕಾರಿ ಲೆಕ್ಕಕ್ಕೆ ಕೂರುತ್ತಾರೆ. ಹೊಸ ಸಾಲದ ಕಂತು ಮತ್ತು ಈಗಾಗಲೇ ಕಟ್ಟುತ್ತಿರುವ ಕಾರು, ವೈಯಕ್ತಿಕ ಸಾಲಗಳ ಕಂತು ಎಲ್ಲ ಸೇರಿ ಕೈಗೆ ಬರುವ ಆದಾಯದ ಅರ್ಧವನ್ನು, ಹೆಚ್ಚು ಆದಾಯದವರಿಗಾದರೆ ಅರ್ಧಕ್ಕಿಂತ ತುಸು ಹೆಚ್ಚನ್ನು, ಮೀರಬಾರದು ಎಂಬುದು ಬಹುತೇಕ ಬ್ಯಾಂಕುಗಳು ಇಟ್ಟುಕೊಂಡಿರುವ ಅಳತೆ. ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ಒಂದು ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. ಕೈಗೆ ಒಂದೂವರೆ ಲಕ್ಷ ಸಂಬಳ ಬರುತ್ತಿದ್ದರೆ ಅದರ ಅರ್ಧ 75,000. ಅಷ್ಟು ಕಂತಿಗೆ ಸುಮಾರು 86 ಲಕ್ಷದ ಸಾಲ ಹೊಂದುತ್ತದೆ. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುತ್ತಿಗೆ ಕೆಲಸ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ, ಬ್ಯಾಂಕಿನ ಕಣ್ಣಿಗೆ ಅವು ಪೂರ್ತಿ ಬೇರೆ. ಮೊದಲನೆಯದರಲ್ಲಿ ನೀವು ಕೆಲಸ ಮಾಡುವುದು ದೊಡ್ಡ ಕಂಪನಿಯೊಂದರ ಕಚೇರಿಯಲ್ಲಾದರೂ ವೇತನಪಟ್ಟಿಯಲ್ಲಿ ಹೆಸರಿರುವುದು ಸಿಬ್ಬಂದಿ ಪೂರೈಸುವ ಏಜೆನ್ಸಿಯಲ್ಲಿ. ಅಲ್ಲಿ ಸಂಬಳದ ಚೀಟಿ ಬರುತ್ತದೆ, ಭವಿಷ್ಯ ನಿಧಿ ಕಡಿತವಾಗುತ್ತದೆ, ವರ್ಷದ ಕೊನೆಗೆ ಫಾರ್ಮ್ 16 ಸಿಗುತ್ತದೆ. ಇಂಥವರನ್ನು ಬ್ಯಾಂಕು ಸಂಬಳದಾರರೆಂದೇ ಪರಿಗಣಿಸಬಹುದು, ಆದರೆ ಒಪ್ಪಂದದ ಅವಧಿ ಎಷ್ಟು, ಹಿಂದೆ ಎಷ್ಟು ಬಾರಿ ನವೀಕರಣವಾಗಿದೆ, ನಡುವೆ ಖಾಲಿ ತಿಂಗಳುಗಳಿವೆಯೇ ಎಂದು ಕೇಳುತ್ತದೆ, ಏಜೆನ್ಸಿ ತನ್ನ ಅನುಮೋದಿತ ಕಂಪನಿಗಳ ಪಟ್ಟಿಯಲ್ಲಿದೆಯೇ ಎಂದೂ ನೋಡುತ್ತದೆ. ಏಜೆನ್ಸಿ ಬದಲಾದರೂ ಭವಿಷ್ಯ ನಿಧಿಯಲ್ಲಿ ಪ್ರತಿ ಸದಸ್ಯರಿಗೂ ಇರುವ ಯುಎಎನ್ ಎಂಬ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ, ಆ ಪಾಸ್‌ಬುಕ್ಕಿನಲ್ಲಿ ತಿಂಗಳು ತಪ್ಪದ ಜಮೆ ಇದ್ದರೆ ಅದು ನಿರಂತರ ದುಡಿಮೆಗೆ ಒಳ್ಳೆಯ ಸಾಕ್ಷಿ. ಕಂಪನಿ ಬಿಟ್ಟು ಏಜೆನ್ಸಿಗೆ ಹೋಗುತ್ತಿರುವ ಕಿರಿಯ ಸ್ನೇಹಿತರಿಗೆ ನಾನು ಮೊದಲು ಹೇಳುವ ಮಾತು ಇದು: ಹಳೆಯ ಯುಎಎನ್ ಮುಂದುವರಿಸಿ, ನಡುವೆ ಭವಿಷ್ಯ ನಿಧಿಯ ಹಣ ತೆಗೆದು ಖಾತೆ ಮುಚ್ಚಬೇಡಿ.

ಎರಡನೆಯದು ನಾನು ಹಿಡಿದ ದಾರಿ. ಇಲ್ಲಿ ಸಂಬಳವೆಂಬುದೇ ಇಲ್ಲ. ನೀವು ಇನ್‌ವಾಯ್ಸ್ ಕಳಿಸುತ್ತೀರಿ, ಗ್ರಾಹಕ ಸಂಸ್ಥೆ ವೃತ್ತಿಪರ ಶುಲ್ಕವೆಂದು ಮೂಲದಲ್ಲೇ ತೆರಿಗೆ ಕಡಿದು ಉಳಿದದ್ದನ್ನು ಪಾವತಿಸಿ, ಆ ಕಡಿತದ ಪ್ರಮಾಣಪತ್ರವಾದ ಫಾರ್ಮ್ 16ಎ ಕೊಡುತ್ತದೆ. ಅದೇ ಕುರ್ಚಿ, ಅದೇ ಕೆಲಸ, ಅದೇ ಸಹೋದ್ಯೋಗಿಗಳಿದ್ದರೂ ಅಂದಿನಿಂದ ಬ್ಯಾಂಕಿನ ಪಾಲಿಗೆ ನೀವು ಸ್ವಯಂ ಉದ್ಯೋಗಿ. ಹಿಂದಿನ ಹನ್ನೆರಡೋ ಹದಿನೈದೋ ವರ್ಷದ ಸಂಬಳದ ಚರಿತ್ರೆ ಅಲ್ಲಿಗೆ ನಿಂತು, ಹೊಸ ಚರಿತ್ರೆ ಸೊನ್ನೆಯಿಂದ ಶುರುವಾಗುತ್ತದೆ. ನಾನು ಮೊದಲು ಹೋದ ಶಾಖೆಯ ಅಧಿಕಾರಿ ನನ್ನ ಹಳೆಯ ಫಾರ್ಮ್ 16ಗಳನ್ನು ಗೌರವದಿಂದಲೇ ನೋಡಿ, ಪಕ್ಕಕ್ಕಿಟ್ಟು, ವೃತ್ತಿ ಆದಾಯದ ಎರಡು ರಿಟರ್ನ್ ಆದ ಮೇಲೆ ಬನ್ನಿ ಎಂದರು. ಅವರ ಮಾತು ಆಗ ನನಗೆ ಕಠಿಣವೆನಿಸಿದ್ದು ನಿಜ. ಆದರೆ ಅದರ ಹಿಂದೆ ಕಾರಣವಿದೆ: ಮೊದಲ ವರ್ಷವೇ ಒಪ್ಪಂದ ಕಳೆದುಕೊಂಡು ಮತ್ತೆ ನೌಕರಿ ಹುಡುಕುವವರು ಎಷ್ಟೋ ಮಂದಿ ಇದ್ದಾರೆ, ಇಪ್ಪತ್ತು ವರ್ಷದ ಸಾಲ ಕೊಡುವವರು ಎರಡು ವರ್ಷದ ಸಾಕ್ಷ್ಯ ಕೇಳುವುದನ್ನು ಅನ್ಯಾಯವೆನ್ನಲಾಗದು.

ಈಗ ಈ ಬರಹದ ಮುಖ್ಯ ಭಾಗಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಗೆ 2016-17ರ ಆರ್ಥಿಕ ವರ್ಷದಿಂದ 44ಎಡಿಎ ಎಂಬ ಕಲಮು ಸೇರಿತು. ವಕೀಲರು, ವೈದ್ಯರು, ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ತಾಂತ್ರಿಕ ಸಲಹೆಗಾರರು ಮತ್ತು ಮಾಹಿತಿ ತಂತ್ರಜ್ಞಾನದ ವೃತ್ತಿಪರರು ಲೆಕ್ಕಪುಸ್ತಕಗಳನ್ನು ಇಡದೆಯೇ, ವರ್ಷದ ಒಟ್ಟು ವೃತ್ತಿ ಗಳಿಕೆಯ ಶೇ 50ರಷ್ಟನ್ನು ಆದಾಯವೆಂದು ತೋರಿಸಿ ಅದರ ಮೇಲೆ ತೆರಿಗೆ ಕಟ್ಟಬಹುದು ಎಂಬುದು ಅದರ ಸಾರ. ಒಟ್ಟು ಗಳಿಕೆಯ ಮಿತಿ 50 ಲಕ್ಷ. ನಗದಿನಲ್ಲಿ ಬಂದದ್ದು ಶೇ 5ನ್ನು ಮೀರದಿದ್ದರೆ 2023-24ರಿಂದ ಅದು 75 ಲಕ್ಷ. 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ಈ ಏರ್ಪಾಡು ಉಳಿದಿದೆ. ಗುತ್ತಿಗೆಗೆ ಹೊರಟವರಿಗೆ ಆಡಿಟರ್ ಮೊದಲು ವಿವರಿಸುವ ಅನುಕೂಲ ಇದೇ, ಮತ್ತು ತೆರಿಗೆಯ ದೃಷ್ಟಿಯಿಂದ ಅದು ನಿಜಕ್ಕೂ ದೊಡ್ಡ ಅನುಕೂಲ.

ತಿಂಗಳಿಗೆ ಎರಡೂವರೆ ಲಕ್ಷದಂತೆ ವರ್ಷಕ್ಕೆ 30 ಲಕ್ಷ ಬಿಲ್ ಮಾಡುವವರನ್ನು ತೆಗೆದುಕೊಳ್ಳೋಣ. ಅರ್ಧವನ್ನು, ಅಂದರೆ 15 ಲಕ್ಷವನ್ನು ಆದಾಯವೆಂದು ತೋರಿಸಿದರೆ 2025-26ರ ಹೊಸ ತೆರಿಗೆ ಪದ್ಧತಿಯ ಪ್ರಕಾರ ಸೆಸ್ ಸೇರಿ ತೆರಿಗೆ 1,09,200 ರೂಪಾಯಿ. ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಬ್ಯಾಂಕಿನ ಲೆಕ್ಕದಲ್ಲಿ ಇವರ ತಿಂಗಳ ಆದಾಯ ಸುಮಾರು 1.16 ಲಕ್ಷ. ಅದರ ಅರ್ಧ 58,000, ಅದಕ್ಕೆ ಹೊಂದುವ ಸಾಲ ಸುಮಾರು 67 ಲಕ್ಷ. ಒಂದೂವರೆ ಲಕ್ಷ ಸಂಬಳವಿದ್ದಾಗ ಇದೇ ವ್ಯಕ್ತಿಗೆ 86 ಲಕ್ಷ ಸಿಗುತ್ತಿತ್ತು. ಗಳಿಕೆ ತಿಂಗಳಿಗೆ ಒಂದು ಲಕ್ಷ ಹೆಚ್ಚಿತು, ಸಾಲದ ಅರ್ಹತೆ ಹತ್ತಿರಹತ್ತಿರ ಇಪ್ಪತ್ತು ಲಕ್ಷ ಇಳಿಯಿತು. ತೆರಿಗೆ ಇಲಾಖೆಗೆ ಹೇಳಿದ ಆದಾಯವನ್ನೇ ಬ್ಯಾಂಕಿಗೂ ಹೇಳಬೇಕಾಗುತ್ತದೆ, ಅದಕ್ಕಿಂತ ಹೆಚ್ಚು ಸಂಪಾದಿಸುತ್ತೇನೆ ಎಂಬ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಆದರೆ ಕಲಮಿನ ಪಠ್ಯವನ್ನು ಗಮನವಿಟ್ಟು ಓದಿದವರಿಗೆ ಒಂದು ವಿಷಯ ಕಾಣುತ್ತದೆ. ಶೇ 50 ಎಂಬುದು ಕನಿಷ್ಠ ಪ್ರಮಾಣ. ನಿಜವಾಗಿ ಅದಕ್ಕಿಂತ ಹೆಚ್ಚು ಉಳಿದಿದ್ದರೆ ಆ ಹೆಚ್ಚಿನ ಮೊತ್ತವನ್ನೇ ಆದಾಯವೆಂದು ತೋರಿಸಲು ಅಲ್ಲಿ ಅವಕಾಶವಿದೆ. ಮನೆಯಲ್ಲೇ ಕುಳಿತು ಲ್ಯಾಪ್‌ಟಾಪ್, ಇಂಟರ್ನೆಟ್, ಒಂದಿಷ್ಟು ಪ್ರಯಾಣದ ಖರ್ಚಿನಲ್ಲಿ ಕೆಲಸ ಮಾಡುವ ಕನ್ಸಲ್ಟೆಂಟ್‌ಗೆ ಗಳಿಕೆಯ ಅರ್ಧದಷ್ಟು ಖರ್ಚು ಬರುವುದು ಅಪರೂಪ. ಮೇಲಿನ ಉದಾಹರಣೆಯವರು ಶೇ 70ರಷ್ಟನ್ನು, ಅಂದರೆ 21 ಲಕ್ಷವನ್ನು ತೋರಿಸಿದರೆ ತೆರಿಗೆ 2,34,000ಕ್ಕೆ ಏರುತ್ತದೆ, ಹೆಚ್ಚುವರಿ ಹೊರೆ ವರ್ಷಕ್ಕೆ ಸುಮಾರು 1.25 ಲಕ್ಷ. ಅದೇ ಹೊತ್ತಿಗೆ ತಿಂಗಳ ಆದಾಯ ಸುಮಾರು 1.55 ಲಕ್ಷವೆಂದು ಕಾಣಿಸಿಕೊಂಡು ಅರ್ಹತೆ 89 ಲಕ್ಷದ ಆಸುಪಾಸಿಗೆ ಬರುತ್ತದೆ. ಎರಡು ವರ್ಷ ಹೀಗೆ ಮಾಡಲು ತಗಲುವ ಎರಡೂವರೆ ಲಕ್ಷ ತೆರಿಗೆಯನ್ನು ನಷ್ಟವೆಂದು ಎಣಿಸುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ನನ್ನ ವಾಸ್ತವದ ಉಳಿಕೆ ಎಷ್ಟಿತ್ತೋ ಅಷ್ಟನ್ನೇ ತೋರಿಸಿದೆ, ಅದರಿಂದ ಸಾಲಾಧಿಕಾರಿಯ ಎದುರು ಕುಳಿತಾಗ ಕಡತದಲ್ಲಿದ್ದ ಸಂಖ್ಯೆಗೂ ನನ್ನ ಬಾಯಿಯಿಂದ ಬಂದ ಸಂಖ್ಯೆಗೂ ವ್ಯತ್ಯಾಸವಿರಲಿಲ್ಲ. ಮನೆ ಕೊಳ್ಳುವ ಉದ್ದೇಶ ಇರುವವರು ಈ ಮಾತನ್ನು ಆಡಿಟರ್ ಬಳಿ ಮೊದಲ ರಿಟರ್ನ್ ಸಲ್ಲಿಸುವ ಮುಂಚೆಯೇ ಆಡಬೇಕು, ಸಾಲ ಬೇಕಾದ ವರ್ಷದಲ್ಲಲ್ಲ. ಎರಡು ವರ್ಷದ ಸರಾಸರಿ ತೆಗೆಯುವ ಬ್ಯಾಂಕುಗಳಿರುವುದರಿಂದ ಕೊನೆಯ ವರ್ಷ ಮಾತ್ರ ಆದಾಯ ಏರಿಸಿ ತೋರಿಸಿದರೆ ಅನುಮಾನವೂ ಬರುತ್ತದೆ, ಸರಾಸರಿಯೂ ಕೆಳಗೇ ನಿಲ್ಲುತ್ತದೆ.

ತೆರಿಗೆ ಪದ್ಧತಿಯ ಆಯ್ಕೆಯಲ್ಲೂ ಒಂದು ಗಂಟಿದೆ. ಗೃಹಸಾಲದ ಬಡ್ಡಿಗೆ ಎರಡು ಲಕ್ಷದವರೆಗಿನ ವಿನಾಯಿತಿ ಸ್ವಂತ ವಾಸದ ಮನೆಗೆ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಸಂಬಳದಾರರು ಹಳೆಯದು, ಹೊಸದು ಎಂದು ವರ್ಷವರ್ಷವೂ ಬದಲಾಯಿಸಿಕೊಳ್ಳಬಹುದು; ವೃತ್ತಿ ಆದಾಯ ಇರುವವರು ಒಮ್ಮೆ ಹಳೆಯದಕ್ಕೆ ಹೋದರೆ ಹೊಸದಕ್ಕೆ ಮರಳಲು ಒಂದೇ ಅವಕಾಶ, ಆಮೇಲೆ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. ಸಾಲದ ಮೊದಲ ವರ್ಷಗಳ ಬಡ್ಡಿ ನೋಡಿ ಆತುರದಲ್ಲಿ ತೀರ್ಮಾನಿಸುವ ವಿಷಯವಲ್ಲ ಇದು.

ರಿಟರ್ನ್ ಒಂದರಿಂದಲೇ ಕಡತ ತುಂಬುವುದಿಲ್ಲ. ಇನ್‌ವಾಯ್ಸ್‌ಗಳ ಮೊತ್ತ, ಬ್ಯಾಂಕ್ ಖಾತೆಗೆ ಬಂದ ಹಣ, ಆದಾಯ ತೆರಿಗೆ ಇಲಾಖೆಯ 26ಎಎಸ್ ಎಂಬ ತೆರಿಗೆ ವಿವರಪಟ್ಟಿಯಲ್ಲಿ ಕಾಣುವ ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ), ಜಿಎಸ್‌ಟಿ ರಿಟರ್ನ್, ಈ ನಾಲ್ಕೂ ಒಂದನ್ನೊಂದು ಒಪ್ಪಬೇಕು. ಸೇವೆಯಿಂದ ವರ್ಷಕ್ಕೆ 20 ಲಕ್ಷ ಮೀರಿ ಗಳಿಸುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯ, ದರ ಶೇ 18. ಖಾತೆಗೆ ಬರುವ ಮೊತ್ತದಲ್ಲಿ ಈ ಶೇ 18 ಸೇರಿರುತ್ತದೆ, ಅದು ನಮ್ಮ ಗಳಿಕೆಯಲ್ಲ. ವೃತ್ತಿಯ ಹಣಕ್ಕೆ ಪ್ರತ್ಯೇಕ ಖಾತೆ ಇಟ್ಟು, ಅದರಿಂದ ಪ್ರತಿ ತಿಂಗಳ ಒಂದೇ ತಾರೀಕಿಗೆ ಮನೆಯ ಖಾತೆಗೆ ಒಂದೇ ಮೊತ್ತ ವರ್ಗಾಯಿಸುವ ಅಭ್ಯಾಸ ನನಗೆ ಎರಡು ರೀತಿಯಲ್ಲಿ ನೆರವಾಯಿತು: ಮನೆಯ ಖರ್ಚಿಗೆ ಒಂದು ಅಂಕೆ ಬಂತು, ಸ್ಟೇಟ್‌ಮೆಂಟ್ ನೋಡಿದವರಿಗೆ ಹಣದ ಹರಿವು ಸ್ಪಷ್ಟವಾಗಿ ಕಂಡಿತು. ಮುಂಗಡ ತೆರಿಗೆಯನ್ನು 44ಎಡಿಎ ಅಡಿಯಲ್ಲಿ ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಆ ಚಲನ್ ಕೂಡ ಕಡತದಲ್ಲಿರಲಿ.

ನನ್ನ ಪತ್ನಿ ಸರ್ಕಾರಿ ಶಾಲೆಯ ಶಿಕ್ಷಕಿ. ಆಕೆ ಸಹ ಅರ್ಜಿದಾರರಾದದ್ದರಿಂದ ನನ್ನ ಕಡತಕ್ಕೆ ಬಂದ ಬಲವನ್ನು ಎಷ್ಟು ಹೇಳಿದರೂ ಕಡಿಮೆಯೇ. ಮೊತ್ತದಲ್ಲಿ ನನ್ನ ಗಳಿಕೆಗಿಂತ ಕಡಿಮೆಯಾದ ಆ ಸಂಬಳವನ್ನು ಅಧಿಕಾರಿ ಒಂದು ಪ್ರಶ್ನೆಯನ್ನೂ ಕೇಳದೆ ಬರೆದುಕೊಂಡರು. ಮನೆಯಲ್ಲಿ ಇಬ್ಬರೂ ದುಡಿಯುತ್ತಿದ್ದು ಇಬ್ಬರಿಗೂ ನೌಕರಿ ಬದಲಿಸುವ ಮನಸ್ಸಿದ್ದರೆ, ಸಾಲ ಆಗುವವರೆಗೆ ಒಬ್ಬರಾದರೂ ಇದ್ದಲ್ಲೇ ಇರುವುದು ಒಳ್ಳೆಯದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಾಗಾದರೆ ರಾಜೀನಾಮೆಗೆ ಮುಂಚೆಯೇ ಸಾಲ ತೆಗೆದುಕೊಂಡುಬಿಟ್ಟರೆ ಆಗದೇ ಎಂದು ಕೇಳುವವರು ಬಹಳ. ಸಾಲ ಪೂರ್ತಿ ಬಿಡುಗಡೆಯಾಗಿ, ಕ್ರಯಪತ್ರ ನೋಂದಣಿಯಾಗಿ, ಒಂದಷ್ಟು ಕಾಲ ಕಂತು ಕಟ್ಟಿದ ಮೇಲೆ ಗುತ್ತಿಗೆಗೆ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ. ಸಾಲದ ಕರಾರಿನಲ್ಲಿ ಉದ್ಯೋಗ ಬದಲಾವಣೆ ತಿಳಿಸಬೇಕೆಂಬ ಷರತ್ತಿದ್ದರೆ ಒಂದು ಪತ್ರ ಬರೆದು ತಿಳಿಸಿದರಾಯಿತು. ಮನೆ ಮೊದಲು, ಗುತ್ತಿಗೆ ಆಮೇಲೆ ಎಂಬ ಕ್ರಮವೇ ಹೆಚ್ಚಿನವರಿಗೆ ಸುಲಭದ್ದು. ಆದರೆ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿ ಕುಳಿತು, ಅದನ್ನು ಮುಚ್ಚಿಟ್ಟು, ಕೊನೆಯ ಮೂರು ಸಂಬಳದ ಚೀಟಿ ತೋರಿಸಿ ಸಾಲ ಪಡೆಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅರ್ಜಿಯಲ್ಲಿ ನಾವು ಸಹಿ ಹಾಕುವುದು ಮಾಹಿತಿ ಸತ್ಯವೆಂಬ ಘೋಷಣೆಗೆ, ಮತ್ತು ಬ್ಯಾಂಕು ಕಂಪನಿಯ ಎಚ್‌ಆರ್ ವಿಭಾಗವನ್ನು ವಿಚಾರಿಸುವುದು ಮಾಮೂಲು. ಅದಕ್ಕಿಂತ ಮಿಗಿಲಾಗಿ, ಇನ್ನೆರಡು ತಿಂಗಳಲ್ಲಿ ನಿಲ್ಲುವ ಸಂಬಳದ ಮೇಲೆ ಇಪ್ಪತ್ತು ವರ್ಷದ ಕಂತನ್ನು ನಿಗದಿ ಮಾಡಿಕೊಳ್ಳುವಾಗ ನಾವು ಕತ್ತಲಲ್ಲಿಡುವುದು ಬ್ಯಾಂಕನ್ನಷ್ಟೇ ಅಲ್ಲ, ನಮ್ಮ ಮನೆಯವರನ್ನೂ.

ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಸಾಲ ಹಂತಹಂತವಾಗಿ ಬಿಡುಗಡೆಯಾಗುತ್ತದೆ, ಅಡಿಪಾಯದಿಂದ ಸ್ವಾಧೀನದವರೆಗೆ ಮೂರು ನಾಲ್ಕು ವರ್ಷ ಹಿಡಿಯುವುದುಂಟು. ನಡುವೆ ಉದ್ಯೋಗ ಬದಲಾದದ್ದು ತಿಳಿದು ಬ್ಯಾಂಕು ಮುಂದಿನ ಹಂತದ ಹಣ ತಡೆದರೂ ಬಿಲ್ಡರ್‌ಗೆ ಕೊಡಬೇಕಾದದ್ದು ಕೊಡಲೇಬೇಕು. ಕರ್ನಾಟಕದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ನಿಯಮಗಳ ಪ್ರಕಾರ ತಡವಾದ ಹಣಕ್ಕೆ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕು ತನ್ನ ನಿಧಿಯ ವೆಚ್ಚದ ಮೇಲೆ ಲೆಕ್ಕ ಹಾಕುವ ಮೂಲ ಸಾಲದರ) ದರದ ಮೇಲೆ ಶೇ 2 ಸೇರಿಸಿ ಬಡ್ಡಿ ತೆರಬೇಕಾಗುತ್ತದೆ. ಗುತ್ತಿಗೆಯ ಯೋಚನೆ ಇರುವವರು ಕಟ್ಟಿ ಮುಗಿದ ಮನೆಯನ್ನೇ ನೋಡುವುದು ಲೇಸು.

ಆಸ್ತಿಯ ಕಾಗದಗಳು, ಅಂದರೆ ಎ ಖಾತಾ, ಇ-ಖಾತಾ, ಋಣಭಾರ ಪ್ರಮಾಣಪತ್ರ, ತಾಯಿ ಪತ್ರ, ನಕ್ಷೆ ಮಂಜೂರಾತಿ, ಇವುಗಳಲ್ಲಿ ಸಂಬಳದಾರರಿಗೂ ಗುತ್ತಿಗೆಯವರಿಗೂ ಭೇದವಿಲ್ಲ. ಭೇದ ಬರುವುದು ಕೈಯಿಂದ ಹಾಕಬೇಕಾದ ಹಣದಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ 80ನ್ನು, ಅದಕ್ಕೂ ಮೇಲಿನ ಸಾಲ ಶೇ 75ನ್ನು ಮೀರುವಂತಿಲ್ಲ, ಮತ್ತು ಇಷ್ಟು ಬೆಲೆಯ ಮನೆಗಳಲ್ಲಿ ನೋಂದಣಿಯ ವೆಚ್ಚ ಆ ಮೌಲ್ಯದಲ್ಲಿ ಸೇರುವುದಿಲ್ಲ. 45 ಲಕ್ಷ ಮೀರಿದ ಮನೆಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ 7.6ರಷ್ಟಾಗುತ್ತದೆ. 90 ಲಕ್ಷದ ಮನೆಗೆ ಇದೇ ಸುಮಾರು 6.8 ಲಕ್ಷ. ಅದರ ಜತೆಗೆ ಮಾರಾಟಗಾರರಿಗೆ ಕೊಡಬೇಕಾದ ಶೇ 20. ಇದೆಲ್ಲವನ್ನೂ ಕೊಟ್ಟ ಮೇಲೂ ಗುತ್ತಿಗೆಯವರ ಕೈಯಲ್ಲಿ ಒಂದು ವರ್ಷದ ಕಂತಿನಷ್ಟು ಹಣ ಉಳಿದಿರಬೇಕು ಎಂಬುದು ನಾನು ಹಾಕಿಕೊಂಡ ನಿಯಮ. ಕಾಯಂ ನೌಕರರಿಗೆ ಆರು ತಿಂಗಳದ್ದು ಸಾಕಾಗಬಹುದು. ನಮಗೆ ಒಪ್ಪಂದ ಮುಗಿಯುವುದು, ಹೊಸದು ಸಿಗುವುದು, ಸಿಕ್ಕ ಮೇಲೆ ಮೊದಲ ಇನ್‌ವಾಯ್ಸ್‌ನ ಹಣ ಬರುವುದು ಮೂರೂ ಬೇರೆ ಬೇರೆ ದಿನಗಳು, ಮತ್ತು ಕಂತು 90 ದಿನ ಬಾಕಿಯಾದರೆ ಸಾಲದ ಖಾತೆ ಅನುತ್ಪಾದಕ (ಎನ್‌ಪಿಎ), ಅಂದರೆ ಮರುಪಾವತಿ ನಿಂತ ಸಾಲವೆಂದು ವರ್ಗೀಕರಣಗೊಳ್ಳುತ್ತದೆ.

ಈ ಕಾರಣಕ್ಕೇ ನನಗೆ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಸರಿಯೆನಿಸಿತು; ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಇಂಥದ್ದೇ. ಹೆಚ್ಚು ಹಣ ಬಂದ ತಿಂಗಳು ಅದನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟರ ಮೇಲೆ ಬಡ್ಡಿ ಬೀಳುವುದಿಲ್ಲ, ಕೆಲಸವಿಲ್ಲದ ತಿಂಗಳು ಅದನ್ನೇ ತೆಗೆದು ಬಳಸಬಹುದು. ಸಾಮಾನ್ಯ ಸಾಲದಲ್ಲಿ ಅವಧಿಗೆ ಮುನ್ನ ಕಟ್ಟಿದ ಹಣ ವಾಪಸ್ಸು ಬರುವುದಿಲ್ಲ, ಆದರೆ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡ ವಿಧಿಸುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ ಅಲ್ಲೂ ನಮಗೆ ಅನುಕೂಲವೇ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ಹೊರಗಿನ ಮಾನದಂಡವೊಂದಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕೆ, ಜೋಡಿಸಬೇಕಾಗಿದೆ. ಆ ದರ 2022ರ ಮೇ ತಿಂಗಳಿಗೆ ಮುಂಚೆ ಶೇ 4 ಇದ್ದದ್ದು 2023ರ ಫೆಬ್ರುವರಿಗೆ ಶೇ 6.5 ಆಯಿತು, 2025ರ ಡಿಸೆಂಬರ್‌ಗೆ ಶೇ 5.25ಕ್ಕೆ ಇಳಿಯಿತು. ಆದಾಯವೂ ಏರಿಳಿಯುವ, ಬಡ್ಡಿಯೂ ಏರಿಳಿಯುವ ಮನೆಯಲ್ಲಿ ಅರ್ಹತೆಯಿದ್ದಷ್ಟೂ ಸಾಲ ತೆಗೆಯಬಾರದು. ನಾವು ತೆಗೆದದ್ದು ಮಂಜೂರಾದದ್ದಕ್ಕಿಂತ ಕಡಿಮೆ.

ನಮ್ಮ ನಗರದ ದುಡಿಮೆಯ ರೀತಿ ಬದಲಾಗಿದೆ, ಸಾಲ ಅಳೆಯುವ ಕ್ರಮ ಇನ್ನೂ ಕಾಯಂ ಸಂಬಳದ ಕಾಲದಲ್ಲೇ ಇದೆ. ಗ್ರಾಹಕರ ಒಪ್ಪಿಗೆಯ ಮೇರೆಗೆ ಖಾತೆಗಳ ವಿವರವನ್ನು ಡಿಜಿಟಲ್ ರೂಪದಲ್ಲಿ ನೇರವಾಗಿ ಸಾಲದಾತರಿಗೆ ತಲುಪಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರಿಂದ ಕೆಲಸ ಮಾಡುತ್ತಿದೆ. ತಿಂಗಳು ತಪ್ಪದೆ ಬರುವ ವೃತ್ತಿ ಶುಲ್ಕವನ್ನು ಅದರಲ್ಲಿ ಕಣ್ಣಾರೆ ನೋಡಬಹುದಾದಾಗ, ಹಳೆಯ ಸಂಬಳದ ಚರಿತ್ರೆಯನ್ನೂ ಅದೇ ವೃತ್ತಿಯ ಮುಂದುವರಿಕೆಯೆಂದು ಒಪ್ಪಿ, ಎರಡನೆಯ ರಿಟರ್ನ್‌ಗೆ ಕಾಯದೆ ತೀರ್ಮಾನಿಸುವ ಧೈರ್ಯವನ್ನು ಬ್ಯಾಂಕುಗಳು ತೋರಬೇಕು ಎಂದು ನಾನು ಬಯಸುತ್ತೇನೆ. ನನಗೆ ಕೊನೆಗೆ ಸಾಲ ಕೊಟ್ಟ ಶಾಖೆಯ ಅಧಿಕಾರಿ ಹಾಗೆ ಯೋಚಿಸಬಲ್ಲವರಾಗಿದ್ದರು. ನನ್ನ ಹಳೆಯ ಹುದ್ದೆಯನ್ನೂ ಹೊಸ ಒಪ್ಪಂದವನ್ನೂ ಅಕ್ಕಪಕ್ಕ ಇಟ್ಟು ಓದಿ, ಕೆಲಸ ಅದೇ ಅಲ್ಲವೇ ಸರ್ ಎಂದು ಕೇಳಿದವರು ಅವರೊಬ್ಬರೇ.

ಸಾಲ ಸಿಕ್ಕ ಮೇಲೂ ಕಡತ ಮುಚ್ಚುವಂತಿಲ್ಲ. ಸ್ವಯಂ ಉದ್ಯೋಗಿಗಳಿಗೆ ಹಲವು ಬ್ಯಾಂಕುಗಳು ಸಂಬಳದಾರರಿಗಿಂತ ತುಸು ಹೆಚ್ಚಿನ ದರ ವಿಧಿಸುತ್ತವೆ, ನಮಗೂ ಹಾಗೆಯೇ ಆಯಿತು. ಕೆಲವು ವರ್ಷ ಶಿಸ್ತಾಗಿ ಕಂತು ಕಟ್ಟಿದ ಬಳಿಕ ಕಡಿಮೆ ದರದ ಬ್ಯಾಂಕಿಗೆ ಸಾಲ ವರ್ಗಾಯಿಸಿಕೊಳ್ಳಬಹುದು, ಆದರೆ ಆ ಬ್ಯಾಂಕು ರಿಟರ್ನ್, ಒಪ್ಪಂದ, ಸ್ಟೇಟ್‌ಮೆಂಟ್ ಎಲ್ಲವನ್ನೂ ಮತ್ತೆ ಮೊದಲಿನಿಂದ ಕೇಳುತ್ತದೆ. ಹಾಗಾಗಿ ಈ ವರ್ಷದ ರಿಟರ್ನ್‌ನಲ್ಲೂ ನಿಜವಾಗಿ ಉಳಿದ ಆದಾಯವನ್ನೇ ತೋರಿಸಿದ್ದೇನೆ, ಒಪ್ಪಂದದ ನವೀಕರಣ ಪತ್ರ ಬಂದ ಕೂಡಲೇ ಅದರ ಪ್ರತಿಯನ್ನು ಹಿಂದಿನವುಗಳ ಜತೆ ಸೇರಿಸಿದ್ದೇನೆ.